ಶಾಲೆಯಲ್ಲಿ ವಿಕಾಸವಾದ ಕಲಿಸುವುದನ್ನು ಜನ ನಿಜಕ್ಕೂ ಅಷ್ಟೊಂದು ವಿರೋಧಿಸುತ್ತಾರಾ?

ನಿಮ್ಮ ಮಗಳ ತರಗತಿಯ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ನಾಲ್ಕೈದು ಜನ ವಿಕಾಸವಾದದ ಪಾಠ ಬೇಡವೇ ಬೇಡ ಅನ್ನುತ್ತಿದ್ದಾರೆ, ಉಳಿದವರು ಬಾಯಿ ಬಿಡುತ್ತಿಲ್ಲ ಎಂದು ಬರೆದಿದ್ದೀರಿ. ಎಲ್ಲ ಕಡೆಯೂ ಹೀಗೇನಾ, ಈ ಪಾಠದ ಮೇಲೆ ಯಾಕಿಷ್ಟು ಸಿಟ್ಟು, ನಾನೇನು ಮಾಡಬಹುದು ಎಂದು ಕೇಳಿದ್ದೀರಿ. ನಾನು ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಪ್ರತಿ ವರ್ಷ ಈ ಪಾಠ ಹತ್ತಿರ ಬಂದಾಗ ಎದೆ ಸ್ವಲ್ಪ ಜೋರಾಗಿ ಹೊಡೆದುಕೊಳ್ಳುತ್ತಿತ್ತು. ಹಾಗಾಗಿ ಉದ್ದವಾಗಿಯೇ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಮೊದಲು ಲೆಕ್ಕದ ಮಾತು. ಒಂದೊಂದು ದೇಶದಲ್ಲಿ ಒಂದೊಂದು ಥರ. 2006ರಲ್ಲಿ 34 ದೇಶಗಳ ಜನರ ಅಭಿಪ್ರಾಯವನ್ನು ಹೋಲಿಸಿದ ಅಧ್ಯಯನವೊಂದು ಪ್ರಕಟವಾಯಿತು. ಐಸ್‌ಲ್ಯಾಂಡ್, ಡೆನ್ಮಾರ್ಕ್, ಸ್ವೀಡನ್, ಫ್ರಾನ್ಸ್‌ಗಳಲ್ಲಿ ನೂರಕ್ಕೆ ಎಂಬತ್ತರ ಆಸುಪಾಸು ಜನ ಮನುಷ್ಯನ ವಿಕಾಸವನ್ನು ಒಪ್ಪಿದ್ದರು. ಅಮೆರಿಕದಲ್ಲಿ 40. ಪಟ್ಟಿಯ ಕೊನೆಯಲ್ಲಿದ್ದ ಟರ್ಕಿಯಲ್ಲಿ 25ರ ಹತ್ತಿರ. ಇದನ್ನು ನೋಡಿದರೆ ಅಮೆರಿಕದಲ್ಲಿ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಈ ಪಾಠ ಗೊತ್ತೇ ಇಲ್ಲ ಅನ್ನಿಸುತ್ತದೆ, ಅಲ್ವಾ? ನನಗೂ ಹಾಗೇ ಅನ್ನಿಸಿತ್ತು.

ಆಮೇಲೆ ಇನ್ನೊಂದು ವಿಷಯ ಓದಿದೆ. ಅದನ್ನು ಓದಿದ ಮೇಲೆ ಇಡೀ ಜಗಳವೇ ಬೇರೆ ಥರ ಕಾಣತೊಡಗಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಜನರಿಗೆ ಎಷ್ಟು ವಿಜ್ಞಾನ ಗೊತ್ತು ಎಂದು ಆಗಾಗ ಸಮೀಕ್ಷೆ ಮಾಡುತ್ತದೆ. ಅದರಲ್ಲಿ ಒಂದು ಪ್ರಶ್ನೆ ಹೀಗಿತ್ತು. ಈಗಿನ ಮನುಷ್ಯರು ಹಿಂದಿನ ಪ್ರಾಣಿ ಪ್ರಭೇದಗಳಿಂದ ಬೆಳೆದು ಬಂದವರು, ಸರಿಯೋ ತಪ್ಪೋ? 2012ರಲ್ಲಿ ನೂರಕ್ಕೆ 48 ಜನ ಸರಿ ಅಂದರು. ಅದೇ ವರ್ಷ ಇನ್ನೊಂದಷ್ಟು ಜನಕ್ಕೆ ಇದೇ ಪ್ರಶ್ನೆಯನ್ನು 'ವಿಕಾಸವಾದದ ಪ್ರಕಾರ' ಎಂದು ಮುಂದೆ ಸೇರಿಸಿ ಕೇಳಿದರು. ಆಗ 72 ಜನ ಸರಿ ಅಂದರು.

ಸ್ವಲ್ಪ ನಿಂತು ಯೋಚಿಸಿ. ಎರಡೇ ಪದ ಸೇರಿಸಿದ್ದಕ್ಕೆ ಉತ್ತರ ಇಷ್ಟು ಬದಲಾಯಿತು. ಅಂದರೆ ನೂರಕ್ಕೆ ಇಪ್ಪತ್ತನಾಲ್ಕು ಜನಕ್ಕೆ ವಿಜ್ಞಾನ ಏನು ಹೇಳುತ್ತದೆ ಎಂಬುದು ಚೆನ್ನಾಗಿಯೇ ಗೊತ್ತು. ಅದನ್ನು ತಮ್ಮ ಬಾಯಲ್ಲಿ ತಮ್ಮ ಮಾತಾಗಿ ಹೇಳಲು ಮಾತ್ರ ಅವರಿಗೆ ಮನಸ್ಸಿಲ್ಲ. 2019ರಲ್ಲಿ ಅಮೆರಿಕದ ಸಮೀಕ್ಷಾ ಸಂಸ್ಥೆ ಪ್ಯೂ ಸಂಶೋಧನಾ ಕೇಂದ್ರ ಇಂಥದ್ದೇ ಇನ್ನೊಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಕೆಲವರಿಗೆ ಮೊದಲು 'ಮನುಷ್ಯರು ಬದಲಾಗುತ್ತಾ ಬಂದರೋ, ಮೊದಲಿಂದಲೂ ಹೀಗೇ ಇದ್ದರೋ' ಎಂದು ಕೇಳಿ, ದೇವರ ಮಾತನ್ನು ಆಮೇಲೆ ತಂದರು. ನೂರಕ್ಕೆ 31 ಜನ ಮೊದಲಿಂದಲೂ ಹೀಗೇ ಅಂದರು. ಉಳಿದವರಿಗೆ 'ಬದಲಾಗುತ್ತಾ ಬಂದರು, ಅದರಲ್ಲಿ ದೇವರ ಕೈ ಇತ್ತು' ಎಂಬ ಆಯ್ಕೆಯನ್ನೂ ಒಟ್ಟಿಗೇ ಮುಂದಿಟ್ಟರು. ಆಗ ಮೊದಲಿಂದಲೂ ಹೀಗೇ ಅಂದವರು 18ಕ್ಕೆ ಇಳಿದರು. ದೇವರನ್ನು ಬಿಡದೆಯೂ ಇದನ್ನು ಒಪ್ಪಬಹುದು ಎಂದು ಗೊತ್ತಾದ ಕೂಡಲೇ ಅಷ್ಟು ಜನ ಒಪ್ಪಿಕೊಂಡರು.

ಯೋಚಿಸಿದರೆ ಇದು ನನಗೆ ಪೂರ್ತಿ ಹೊಸದೂ ಆಗಿರಲಿಲ್ಲ. ಒಬ್ಬ ತಂದೆ ಇದನ್ನೇ ನನಗೆ ಮೊದಲೇ ಹೇಳಿಕೊಟ್ಟಿದ್ದರು. ಪಾಠ ನಿಲ್ಲಿಸಿ ಎಂದು ಹೇಳಲು ಸ್ಟಾಫ್ ರೂಮಿಗೆ ಬಂದಿದ್ದರು. ನಾನು ಪಳೆಯುಳಿಕೆ, ಡಿಎನ್‌ಎ ಎಂದು ಒಂದೇ ಸಮನೆ ಮಾತಾಡಿದೆ. ಪೂರ್ತಿ ಕೇಳಿಸಿಕೊಂಡರು. ಕೊನೆಗೆ, "ಅದೆಲ್ಲ ಇರಬಹುದು ಮೇಡಂ. ನನ್ನ ಮಗ ನಮ್ಮಮ್ಮನಿಗೆ, ನೀನು ಹೇಳೋ ಕಥೆಯೆಲ್ಲ ಸುಳ್ಳು ಅಂದುಬಿಟ್ಟ. ಅಮ್ಮ ಎರಡು ದಿನದಿಂದ ಯಾರ ಜೊತೆಗೂ ಮಾತಾಡ್ತಿಲ್ಲ" ಎಂದರು. ಅವರ ದೂರು ಡಾರ್ವಿನ್ ಮೇಲೆ ಇರಲೇ ಇಲ್ಲ. ಮಗ ಕೈ ತಪ್ಪಿ ಹೋಗುತ್ತಿದ್ದಾನೆ ಎಂಬ ಭಯ ಅದು. ನಾನು ಕೊಟ್ಟ ಸಾಕ್ಷಿಗಳಲ್ಲಿ ಒಂದೂ ಆ ಭಯವನ್ನು ಮುಟ್ಟಲಿಲ್ಲ.

ನಮ್ಮ ಭಾಷೆಯೂ ಇದರಲ್ಲಿ ಸ್ವಲ್ಪ ತೊಂದರೆ ಕೊಡುತ್ತದೆ ಎಂದು ನನಗೆ ಬಹಳ ಸಲ ಅನ್ನಿಸಿದೆ. ನಾವು ಇದನ್ನು ವಿಕಾಸ'ವಾದ' ಅನ್ನುತ್ತೇವೆ. ವಾದ ಅಂದ ಮೇಲೆ ಪ್ರತಿವಾದ ಇರಲೇಬೇಕು ಎಂದು ಕಿವಿಗೆ ಕೇಳಿಸುತ್ತದೆ. ಇಂಗ್ಲಿಷಿನವರಿಗೆ ಥಿಯರಿ ಎಂಬ ಪದದ್ದೇ ತಲೆನೋವು, ಅಲ್ಲಿ ಮಾತಿನ ಬಳಕೆಯಲ್ಲಿ ಅದಕ್ಕೆ ಊಹೆ ಎಂಬ ಅರ್ಥವೂ ಇದೆ. ನಮ್ಮ 'ಸಿದ್ಧಾಂತ' ಹಾಗಲ್ಲ. ವಿಚಾರ ಮಾಡಿ ಕೊನೆಗೆ ನಿಂತ ತೀರ್ಮಾನ ಎಂಬ ಭಾರ ಆ ಪದಕ್ಕಿದೆ. ಇಷ್ಟು ಒಳ್ಳೆಯ ಪದ ಕೈಯಲ್ಲಿದ್ದೂ ನಾವು ವಾದ ಎಂದೇ ಕರೆದುಕೊಂಡು ಬಂದೆವು. ನಾನಂತೂ ತರಗತಿಯಲ್ಲಿ 'ಜೀವವಿಕಾಸ' ಎಂದೇ ಹೇಳುತ್ತಿದ್ದೆ. 'ವಿಕಾಸ' ಕೂಡ ಪೂರ್ತಿ ಸರಿ ಇಲ್ಲ. ಅರಳುವುದು, ಉತ್ತಮವಾಗುವುದು ಎಂಬ ಅರ್ಥ ಅದರ ಹಿಂದೆಯೇ ಬರುತ್ತದೆ. ಮಕ್ಕಳು ಬ್ಯಾಕ್ಟೀರಿಯಾದಿಂದ ಮನುಷ್ಯನವರೆಗೆ ಮೆಟ್ಟಿಲು ಹತ್ತಿದ ಹಾಗೆ ಕಲ್ಪಿಸಿಕೊಳ್ಳುತ್ತಾರೆ. ಜೀವಿಗಳು ಎಲ್ಲಿಗೋ ಏರುತ್ತಿಲ್ಲ. ಇದ್ದ ಜಾಗಕ್ಕೆ ಹೊಂದಿಕೊಂಡವು ಹೆಚ್ಚು ಮರಿ ಹಾಕುತ್ತವೆ, ಅವುಗಳ ಗುಣ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ಕೆಡುಕು ಮಾಡಿದ್ದು 'ಮಂಗನಿಂದ ಮಾನವ' ಎಂಬ ಮಾತು. ಇದು ಕೇಳಲು ಚೆಂದ, ಬಾಯಿಗೆ ಸುಲಭ, ಆದರೆ ತಪ್ಪು. ಮೊದಲ ಬೆಂಚಿನ ಮಗುವೇ ಕೇಳುತ್ತದೆ, ಹಾಗಾದರೆ ಮಂಗಗಳು ಇನ್ನೂ ಯಾಕಿವೆ ಮಿಸ್? ಸರಿಯಾದ ಪ್ರಶ್ನೆ. ಚಿಂಪಾಂಜಿ ನಮಗೆ ಅಜ್ಜ ಅಲ್ಲ, ದಾಯಾದಿ. ಸುಮಾರು 60–70 ಲಕ್ಷ ವರ್ಷಗಳ ಹಿಂದೆ ಇಬ್ಬರಿಗೂ ಒಂದೇ ಮನೆ ಇತ್ತು, ಪಾಲಾಗಿ ಎರಡು ಕವಲಾಯಿತು. ದಾಯಾದಿಗಳು ಇನ್ನೂ ಬದುಕಿದ್ದರೆ ಆಶ್ಚರ್ಯ ಏನಿದೆ? ಇಷ್ಟು ಹೇಳಿದರೆ ಹದಿನೈದು ವರ್ಷದ ಮಕ್ಕಳಿಗೆ ಥಟ್ಟನೆ ಹೊಳೆಯುತ್ತದೆ. ಗುಂಪಿನಲ್ಲಿ ಸಿಟ್ಟಾಗಿರುವ ಪೋಷಕರಲ್ಲಿ ಕೆಲವರಾದರೂ ಈ ಎರಡು ಪದದ ಮಾತನ್ನೇ ಪಾಠ ಅಂದುಕೊಂಡಿರುತ್ತಾರೆ.

ಈಗ ಹಳೆಯ ಕಥೆ. ಅಮೆರಿಕದ ಟೆನೆಸ್ಸಿ ರಾಜ್ಯ 1925ರಲ್ಲಿ ಮನುಷ್ಯನ ವಿಕಾಸ ಕಲಿಸುವುದನ್ನೇ ಕಾನೂನು ಮಾಡಿ ನಿಷೇಧಿಸಿತು. ಡೇಟನ್ ಎಂಬ ಊರಿನ ಶಿಕ್ಷಕ ಜಾನ್ ಸ್ಕೋಪ್ಸ್ ಮೇಲೆ ಮೊಕದ್ದಮೆ ನಡೆಯಿತು, 100 ಡಾಲರ್ ದಂಡ ಬಿತ್ತು. ದಂಡ ಹಾಕಿದ ರೀತಿ ಸರಿಯಿಲ್ಲ ಎಂದು 1927ರಲ್ಲಿ ಮೇಲಿನ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಕಾನೂನು ಮಾತ್ರ 1967ರವರೆಗೂ ಉಳಿಯಿತು. ಈ ಮೊಕದ್ದಮೆ ಬಗ್ಗೆ ಎಲ್ಲರೂ ವಕೀಲರ ಮಾತಿನ ಚಕಮಕಿಯನ್ನೇ ಹೇಳುತ್ತಾರೆ. ನನಗೆ ನೋವು ತರುವುದು ಅದರ ನಂತರ ಆದದ್ದು. ಪಠ್ಯಪುಸ್ತಕ ಮಾಡುವವರು ಗಲಾಟೆಗೆ ಹೆದರಿ ಆ ಅಧ್ಯಾಯಗಳನ್ನು ಸದ್ದಿಲ್ಲದೆ ಸಣ್ಣ ಮಾಡಿದರು. 1957ರಲ್ಲಿ ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸಿದ ಮೇಲೆ, ತಮ್ಮ ವಿಜ್ಞಾನ ಶಿಕ್ಷಣ ಹಿಂದೆ ಬಿತ್ತು ಎಂಬ ಅಮೆರಿಕನ್ನರ ಆತಂಕದಲ್ಲಿ ಹೊಸ ಪುಸ್ತಕಗಳು ಬಂದವು. ವಿಕಾಸದ ಪಾಠಕ್ಕೆ ಮತ್ತೆ ಜಾಗ ಸಿಕ್ಕಿತು. ನಡುವೆ ಒಂದು ತಲೆಮಾರಿನ ಮಕ್ಕಳು ಅದನ್ನು ಕಲಿಯದೆಯೇ ಶಾಲೆ ಮುಗಿಸಿದ್ದರು. ಅವರ ಪೈಕಿ ಎಷ್ಟೋ ಜನ ಮುಂದೆ ಶಿಕ್ಷಕರೂ ಆದರು.

ಈ ಮೌನ ಈಗಲೂ ಇದೆ. ಬರ್ಕ್‌ಮನ್ ಮತ್ತು ಪ್ಲಟ್ಜರ್ ಎಂಬ ಇಬ್ಬರು ಸಂಶೋಧಕರು ಅಮೆರಿಕದ 926 ಹೈಸ್ಕೂಲ್ ಜೀವಶಾಸ್ತ್ರ ಶಿಕ್ಷಕರನ್ನು ವಿಚಾರಿಸಿ 2011ರಲ್ಲಿ ಬರೆದರು. ವಿಕಾಸವನ್ನು ಸರಿಯಾಗಿ, ನೇರವಾಗಿ ಕಲಿಸುವವರು ನೂರಕ್ಕೆ 28. ದೇವರ ಸೃಷ್ಟಿಯೇ ಸರಿ ಎಂದು ತರಗತಿಯಲ್ಲಿ ಹೇಳುವವರು 13. ಮಿಕ್ಕ 60ರಷ್ಟು ಜನ ನಡುವೆ ಇದ್ದರು. ಅವರು ವಿರೋಧಿಗಳಲ್ಲ, ತಂಟೆಯೇ ಬೇಡ ಅನ್ನುವವರು. ಮನುಷ್ಯನ ವಿಷಯ ಬಿಟ್ಟು ಬರೀ ಬ್ಯಾಕ್ಟೀರಿಯಾ ಹೇಳಿ ಮುಗಿಸುವುದು, ಎರಡೂ ಕಡೆ ಹೇಳಿ ನೀವೇ ಆರಿಸಿಕೊಳ್ಳಿ ಅನ್ನುವುದು, ಪರೀಕ್ಷೆಗೆ ಬೇಕಲ್ಲ ಅದಕ್ಕೆ ಓದಿ ಅನ್ನುವುದು.

ಅದನ್ನು ಓದಿದಾಗ ಮೈ ಬಿಸಿಯಾಯಿತು. ಮೊದಲ ನಾಲ್ಕು ವರ್ಷ ನಾನು ಮಾಡಿದ್ದೂ ಅದನ್ನೇ. "ಐದು ಮಾರ್ಕ್ಸಿಗೆ ಬರುತ್ತೆ, ಬರೆದುಬಿಡಿ. ನಂಬೋದು ಬಿಡೋದು ನಿಮ್ಮಿಷ್ಟ" ಎಂದು ಹೇಳಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಮಕ್ಕಳಿಗೆ ಎಲ್ಲವೂ ಅರ್ಥವಾಗುತ್ತದೆ. ಮಿಸ್‌ಗೇ ಧೈರ್ಯ ಇಲ್ಲದ ಪಾಠ ಇದು ಎಂದು ಅವರು ತಿಳಿದುಕೊಂಡರು. ಆ ನಾಲ್ಕು ವರ್ಷದ ಮಕ್ಕಳಿಗೆ ನಾನು ಅನ್ಯಾಯ ಮಾಡಿದೆ. ಇದನ್ನು ಇನ್ನೊಂದು ಥರ ಹೇಳಲು ನನಗೆ ಬರುವುದಿಲ್ಲ.

ಅಮೆರಿಕದ ಶಿಕ್ಷಕರ ಆ ಸಮೀಕ್ಷೆಯನ್ನು 2019ರಲ್ಲಿ ಮತ್ತೆ ಮಾಡಿದಾಗ, ವಿಕಾಸವನ್ನು ಗಟ್ಟಿ ವಿಜ್ಞಾನವಾಗಿಯೇ ಕಲಿಸುವವರ ಸಂಖ್ಯೆ ಚೆನ್ನಾಗಿ ಏರಿತ್ತು ಎಂಬುದು ಸಮಾಧಾನ. ತರಬೇತಿ ಸಿಕ್ಕರೆ, ಪಠ್ಯಕ್ರಮದಲ್ಲಿ ಸ್ಪಷ್ಟವಾಗಿ ಬರೆದಿದ್ದರೆ, ಶಿಕ್ಷಕರಿಗೆ ಬೆನ್ನು ಗಟ್ಟಿಯಾಗುತ್ತದೆ. ಬರೆದದ್ದನ್ನೇ ಅಳಿಸಿದರೆ ಉಲ್ಟಾ. ಟರ್ಕಿ 2017ರಲ್ಲಿ ಒಂಬತ್ತನೇ ತರಗತಿಯಿಂದ ಈ ಪಾಠ ತೆಗೆಯುವುದಾಗಿ ಹೇಳಿತು, ಮಕ್ಕಳ ಮಟ್ಟಕ್ಕೆ ಮೀರಿದ್ದು ಎಂದು ಕಾರಣ ಕೊಟ್ಟಿತು. ಭಾರತದಲ್ಲಿ ಪಠ್ಯಪುಸ್ತಕ ರೂಪಿಸುವ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಅಧ್ಯಾಯದಿಂದ ಜೀವವಿಕಾಸದ ಭಾಗ ಕೈಬಿಟ್ಟಾಗ, 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಸಹಿ ಹಾಕಿ ಪತ್ರ ಬರೆದರು. ಹನ್ನೆರಡನೇ ತರಗತಿಯಲ್ಲಿ ಇದೆಯಲ್ಲ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಅಷ್ಟು ಹೊತ್ತಿಗೆ ಜೀವಶಾಸ್ತ್ರ ಆರಿಸಿಕೊಂಡ ಮಕ್ಕಳು ಮಾತ್ರ ಉಳಿದಿರುತ್ತಾರೆ. ಇಂಗ್ಲೆಂಡ್ 2014ರಿಂದ ಇದನ್ನು ಪ್ರಾಥಮಿಕ ಶಾಲೆಯ ಕೊನೆಯ ತರಗತಿಯಲ್ಲೇ ಕಲಿಸುತ್ತಿದೆ. ಹತ್ತು ಹನ್ನೊಂದು ವರ್ಷದ ಮಕ್ಕಳು ಅಲ್ಲಿ ಓದುತ್ತಿದ್ದಾರೆ.

ನಿಮ್ಮ ಗುಂಪಿನಲ್ಲಿ ಯಾರೋ 'ಎರಡೂ ಕಡೆ ಹೇಳಿಕೊಡಲಿ, ಮಕ್ಕಳೇ ತೀರ್ಮಾನಿಸಲಿ' ಅಂದಿದ್ದಾರೆ ಎಂದು ಬರೆದಿದ್ದೀರಿ. ಕೇಳಲು ನ್ಯಾಯವಾಗಿಯೇ ಇದೆ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಡೋವರ್ ಎಂಬಲ್ಲಿ 2004ರಲ್ಲಿ ಶಾಲಾ ಮಂಡಳಿ ಮಾಡಿದ್ದು ಇದನ್ನೇ. ವಿಕಾಸದ ಪಾಠಕ್ಕೆ ಮುಂಚೆ, ಇದರಲ್ಲಿ ಹುಳುಕುಗಳಿವೆ, ಬುದ್ಧಿವಂತ ಶಕ್ತಿಯೊಂದು ಜೀವಿಗಳನ್ನು ರೂಪಿಸಿತು ಎಂಬ ಇನ್ನೊಂದು ವಿವರಣೆಯೂ ಇದೆ ಎಂದು ಓದಿ ಹೇಳಬೇಕು ಎಂದಿತು. ಅಲ್ಲಿನ ಜೀವಶಾಸ್ತ್ರ ಶಿಕ್ಷಕರು ಓದಲು ಒಪ್ಪಲಿಲ್ಲ. ಆಡಳಿತದವರೇ ತರಗತಿಗೆ ಬಂದು ಓದಿದರು. ಹನ್ನೊಂದು ಜನ ಪೋಷಕರು ನ್ಯಾಯಾಲಯಕ್ಕೆ ಹೋದರು. 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್ 139 ಪುಟದ ತೀರ್ಪು ಕೊಟ್ಟು, ಆ ಇನ್ನೊಂದು ವಿವರಣೆ ವಿಜ್ಞಾನವಲ್ಲ ಎಂದು ಬರೆದರು. ಅದಕ್ಕೂ ಒಂದು ತಿಂಗಳ ಮುಂಚೆ ನಡೆದ ಚುನಾವಣೆಯಲ್ಲಿ ಊರಿನವರೇ ಆ ಮಂಡಳಿಯ ಎಂಟು ಜನರನ್ನು ಸೋಲಿಸಿದ್ದರು. ಸುಮ್ಮನಿದ್ದವರು ಮತಗಟ್ಟೆಯಲ್ಲಿ ಮಾತಾಡಿದ್ದರು.

ಆ ಮೊಕದ್ದಮೆಯಲ್ಲಿ ಪೋಷಕರ ಪರ ಮೊದಲು ಸಾಕ್ಷಿ ಹೇಳಿದವರು ಕೆನೆತ್ ಮಿಲ್ಲರ್. ಜೀವವಿಜ್ಞಾನಿ, ಜೊತೆಗೆ ಶ್ರದ್ಧೆಯುಳ್ಳ ಕ್ಯಾಥೊಲಿಕ್. ಅವರು ಅಲ್ಲಿ ವಿವರಿಸಿದ ಒಂದು ಸಂಗತಿಯನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ಚಿಂಪಾಂಜಿ, ಗೊರಿಲ್ಲಾ, ಒರಾಂಗುಟಾನ್‌ಗಳಿಗೆ 24 ಜೋಡಿ ಕ್ರೋಮೋಸೋಮ್, ಅಂದರೆ ಜೀವಕೋಶದೊಳಗೆ ಡಿಎನ್‌ಎ ಸುತ್ತಿಟ್ಟ ಕಟ್ಟುಗಳು. ನಮಗೆ 23. ನಾವು ದಾಯಾದಿಗಳೇ ಆಗಿದ್ದರೆ ಒಂದು ಜೋಡಿ ಎಲ್ಲಿ ಹೋಯಿತು? ಪೂರ್ತಿ ಕಳೆದುಹೋದರೆ ಜೀವವೇ ಉಳಿಯುವುದಿಲ್ಲ. ಹಾಗಾದರೆ ಎರಡು ಸೇರಿ ಒಂದಾಗಿರಬೇಕು, ಬೆಸುಗೆಯ ಗುರುತು ಸಿಗಬೇಕು. ಹುಡುಕಿದರು, ಸಿಕ್ಕಿತು. ನಮ್ಮ ಎರಡನೇ ಕ್ರೋಮೋಸೋಮಿನ ನಡುವೆ, ಮಾಮೂಲಾಗಿ ತುದಿಯಲ್ಲಷ್ಟೇ ಇರುವ ಡಿಎನ್‌ಎ ಸಾಲು ಇದೆ. ಪ್ರತಿ ಕ್ರೋಮೋಸೋಮಿಗೆ ಸೆಂಟ್ರೋಮಿಯರ್ ಎಂಬ ಗಂಟು ಒಂದೇ ಇರುತ್ತದೆ, ಇಲ್ಲಿ ಕೆಲಸ ನಿಲ್ಲಿಸಿದ ಇನ್ನೊಂದರ ಗುರುತೂ ಇದೆ. ಇದನ್ನು ಹೇಳಿ ಮುಗಿಸಿದಾಗ ತರಗತಿಯಲ್ಲಿ ಒಂದು ಕ್ಷಣ ಸದ್ದೇ ಇರುತ್ತಿರಲಿಲ್ಲ. ಆ ಕ್ಷಣಕ್ಕಾಗಿಯೇ ನಾನು ಈ ಕೆಲಸದಲ್ಲಿ ಉಳಿದೆ ಅಂದರೂ ತಪ್ಪಿಲ್ಲ.

ಎರಡೂ ಕಡೆ ಎಂಬ ಮಾತಿಗೆ ನನ್ನ ಉತ್ತರ ಇಷ್ಟೇ. ಸಾಕ್ಷಿ ಇರುವ ಇನ್ನೊಂದು ಕಡೆ ಇದ್ದರೆ ಖಂಡಿತ ಕಲಿಸುತ್ತಿದ್ದೆ. ವಿಕಾಸ ಹೇಗೆ ನಡೆಯಿತು ಎಂಬುದರಲ್ಲಿ ವಿಜ್ಞಾನಿಗಳ ನಡುವೆ ನೂರು ಚರ್ಚೆಗಳಿವೆ, ಅವನ್ನು ಮಕ್ಕಳ ಮುಂದೆ ಇಡಬಹುದು. ನಡೆಯಿತೋ ಇಲ್ಲವೋ ಎಂಬ ಚರ್ಚೆ ವಿಜ್ಞಾನದೊಳಗೆ ಉಳಿದಿಲ್ಲ. ವಿಕಾಸದ ಬೆಳಕಿಲ್ಲದೆ ಜೀವಶಾಸ್ತ್ರದಲ್ಲಿ ಯಾವುದಕ್ಕೂ ಅರ್ಥವಿಲ್ಲ ಎಂದು 1973ರಲ್ಲಿ ಬರೆದ ತಳಿವಿಜ್ಞಾನಿ ಡೊಬ್ಜಾನ್‌ಸ್ಕಿ ದೇವರನ್ನು ನಂಬಿದವರು. ಎರಡನೇ ಜಾನ್ ಪಾಲ್ ಪೋಪ್ 1996ರಲ್ಲಿ, ಇದು ಬರೀ ಊಹೆಗಿಂತ ಹೆಚ್ಚಿನದು ಎಂದು ಒಪ್ಪಿದರು. ಈ ಹೆಸರುಗಳನ್ನು ನಿಮ್ಮ ಗುಂಪಿನಲ್ಲಿ ಹೇಳಿ. ಪಳೆಯುಳಿಕೆಯ ಚಿತ್ರಕ್ಕಿಂತ ಇವು ಹೆಚ್ಚು ಕೆಲಸ ಮಾಡುತ್ತವೆ ಎಂಬುದು ನನ್ನ ಅನುಭವ.

ಆ ತಂದೆಯ ಹತ್ತಿರ ಮಾತಾಡಿದ ಮೇಲೆ ನಾನು ಪಾಠದ ಶುರುವಿನಲ್ಲಿ ಒಂದು ಮಾತು ಸೇರಿಸಿದೆ. "ಇದು ಜೀವಿಗಳು ಹೇಗೆ ಬದಲಾದವು ಎಂಬ ಪಾಠ. ಮನೆಯಲ್ಲಿ ಹಿರಿಯರು ಹೇಳುವ ಕಥೆ ಬೇರೆ ಕೆಲಸಕ್ಕೆ ಇದೆ. ಈ ಪಾಠ ಹಿಡಿದುಕೊಂಡು ಹೋಗಿ ಯಾರ ಮನಸ್ಸನ್ನೂ ನೋಯಿಸಬೇಡಿ." ಪಾಠದೊಳಗಿನ ಒಂದು ಅಕ್ಷರವನ್ನೂ ಬದಲಿಸಲಿಲ್ಲ. ಆಮೇಲೆ ದೂರು ಬರುವುದು ಬಹಳ ಕಡಿಮೆಯಾಯಿತು.

ಇನ್ನು ನೀವೇನು ಮಾಡಬಹುದು ಎಂಬುದು. ಗುಂಪಿನಲ್ಲಿ ಜಗಳಕ್ಕೆ ಇಳಿಯಬೇಡಿ, ಅಲ್ಲಿ ಯಾರೂ ಸೋಲೊಪ್ಪುವುದಿಲ್ಲ. ಮಗಳ ಜೀವಶಾಸ್ತ್ರದ ಟೀಚರನ್ನು ಹೋಗಿ ನೋಡಿ. ಈ ಪಾಠ ಪೂರ್ತಿ ಮಾಡಿ, ಮನುಷ್ಯನ ಭಾಗವನ್ನೂ ಬಿಡಬೇಡಿ ಎಂದು ಹೇಳಿ. ಸಾಧ್ಯವಾದರೆ ಎರಡು ಸಾಲು ಬರೆದು ಕೊಡಿ, ಮುಖ್ಯೋಪಾಧ್ಯಾಯರು ಕೇಳಿದಾಗ ತೋರಿಸಲು ಅವರ ಕೈಯಲ್ಲಿ ಏನಾದರೂ ಇರುತ್ತದೆ. ಬೇಡ ಅನ್ನುವವರು ತಾವಾಗಿಯೇ ಶಾಲೆಗೆ ಬರುತ್ತಾರೆ. ಬೇಕು ಅನ್ನುವವರು ಬರುವುದೇ ಇಲ್ಲ. ಇಪ್ಪತ್ತೆರಡು ವರ್ಷದಲ್ಲಿ ನನ್ನ ಹತ್ತಿರ ಹಾಗೆ ಬಂದವರು ಒಬ್ಬರೇ ತಾಯಿ. ಬಾಗಿಲಲ್ಲೇ ನಿಂತು, "ನನಗೆ ಈ ಪಾಠ ಯಾರೂ ಮಾಡಲಿಲ್ಲ ಮೇಡಂ, ಅವಳಿಗೆ ಮಾಡಿ" ಎಂದು ಹೇಳಿ ಹೋದರು. ಆ ವರ್ಷ ಆ ಅಧ್ಯಾಯಕ್ಕೆ ನಾನು ಒಂಬತ್ತು ತರಗತಿ ತೆಗೆದುಕೊಂಡೆ.