ಎಂಜಿನ್ ನಂಬರ್, ಚಾಸಿ ನಂಬರ್ ಎರಡೂ ಒಂದೇ ಇದ್ದರೆ ಅದು ಖರೇ ವಿಲ್ಲೀಸ್ ಜೀಪೇ?

ಜಮಖಂಡಿಯಲ್ಲಿ 1943ರ ವಿಲ್ಲೀಸ್ (ಎರಡನೇ ಮಹಾಯುದ್ಧದ ಅಮೆರಿಕನ್ ಮಿಲಿಟರಿ ಜೀಪ್) 8 ಲಕ್ಷಕ್ಕೆ ಬಂದಿದೆ, ಎಂಜಿನ್ ನಂಬರ್ ಮತ್ತು ಚಾಸಿ ನಂಬರ್ ಎರಡೂ ಒಂದೇ, ಆರ್‌ಸಿಗೂ ತಾಳೆಯಾಗುತ್ತದೆ, ಫೋಟೋ ನೋಡಿ ಖರೇ ಯಾವುದು ರೆಪ್ಲಿಕಾ ಯಾವುದು ಗುರುತಿಸುವುದು ಹೇಗೆ, ವಿಂಟೇಜ್ ನಂಬರ್ ಮಾಡಿಸಿದರೆ ಮುಂದೆ ಮಾರುವಾಗ ಬೆಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ನನಗೆ ಜೀಪ್ ಮಾರಿದವರೂ ಇದೇ ಮಾತು ಹೇಳಿದ್ದರು. ‘ಎರಡೂ ನಂಬರ್ ಒಂದೇ’ ಎಂಬುದರಿಂದ ನೀವು ಧೈರ್ಯ ತಂದುಕೊಳ್ಳುತ್ತಿದ್ದೀರಲ್ಲ, ನೀವು ಹೆದರಬೇಕಾದದ್ದು ಅದಕ್ಕೇ.

ನಾನು ಬೆಳಗಾವಿಯವನು. ಉದ್ಯಮಬಾಗದಲ್ಲಿ ಕಾಸ್ಟಿಂಗ್ ಮಷಿನಿಂಗ್ ನನ್ನ ಕಸುಬು. ಕ್ಯಾಂಪ್ ಕಡೆ ಮಿಲಿಟರಿ ಗಾಡಿ ನೋಡುತ್ತ ಬೆಳೆದವರಿಗೆ ಜೀಪಿನ ಹುಚ್ಚು ಹೊಸದೇನಲ್ಲ. ರಾಜ್ಯೋತ್ಸವದ ಮೆರವಣಿಗೆಯಲ್ಲಿ ಸ್ವಂತ ಜೀಪ್ ಚನ್ನಮ್ಮ ವೃತ್ತ ದಾಟಬೇಕು ಎಂಬ ಆಸೆ ನನಗೂ ಇತ್ತು. ಒಬ್ಬ ದಲ್ಲಾಳಿ ಮೂಲಕ ಒಂದು ಗಾಡಿ ಬಂತು, ಆರೂವರೆ ಲಕ್ಷ. ಮಿಲಿಟರಿ ಹಸಿರು ಬಣ್ಣ, ಒಂಬತ್ತು ಸೀಳಿನ ಗ್ರಿಲ್, ಮೇಲಕ್ಕೆ ತಿರುಗಿಸಿದರೆ ಎಂಜಿನ್ ಮೇಲೆ ಬೆಳಕು ಬೀಳುವ ಹೆಡ್‌ಲೈಟ್, ಗ್ಲೋವ್ ಬಾಕ್ಸಿನ ಮುಚ್ಚಳದ ಮೇಲೆ ಮೂರು ಲೋಹದ ಪಟ್ಟಿ. ಪುಸ್ತಕದಲ್ಲಿ ಇದ್ದ ಹಾಗೇ ಎಲ್ಲಾ ಇತ್ತು.

ಬಾನೆಟ್ ಎತ್ತಿದೆ. ನನ್ನಂಥವನು ಮೊದಲು ನೋಡುವುದು ಎಂಜಿನ್ ಬ್ಲಾಕನ್ನೇ. ತಲೆ ಚಪ್ಪಟೆ, ಮೇಲೆ ರಾಕರ್ ಕವರ್ ಇಲ್ಲ, ವಾಲ್ವ್‌ಗಳು ಬ್ಲಾಕಿನ ಬದಿಯಲ್ಲಿ. 2.2 ಲೀಟರಿನ, 60 ಅಶ್ವಶಕ್ತಿಯ ‘ಗೋ ಡೆವಿಲ್’ ಎಂಜಿನ್. ಬಲಗಡೆ, ಆಯಿಲ್ ಫಿಲ್ಟರ್ ಹತ್ತಿರದ ಪ್ಯಾಡಿನ ಮೇಲೆ ‘ಎಂಬಿ’ ಎಂದು ಶುರುವಾಗುವ ನಂಬರ್. ಎರಕದ ಮೈ ಮುಟ್ಟಿ ನೋಡಿದೆ. ಅದು ಖರೇನೇ ಯುದ್ಧಕಾಲದ ಎಂಜಿನ್ ಆಗಿತ್ತು, ಅದರಲ್ಲಿ ನನಗೆ ಇವತ್ತಿಗೂ ಸಂಶಯವಿಲ್ಲ. ಆಮೇಲೆ ದಲ್ಲಾಳಿ ಎಡಗಡೆಯ ಚಾಸಿ ರೇಲಿನ (ಗಾಡಿಯ ಉದ್ದಕ್ಕೂ ಹೋಗುವ ಉಕ್ಕಿನ ತೊಲೆ) ಒಳಮೈಗೆ ರಿವೆಟ್ ಮಾಡಿದ್ದ ಚಿಕ್ಕ ಪಟ್ಟಿ ತೋರಿಸಿದ. ಅದರ ಮೇಲೂ ಅದೇ ನಂಬರ್. ಆರ್‌ಸಿಯಲ್ಲಿಯೂ ಅದೇ. ಅಲ್ಲೇ ಟೋಕನ್ ಕೊಟ್ಟುಬಿಟ್ಟೆ.

ತಪ್ಪಿದ್ದು ಎಲ್ಲಿ ಎಂಬುದನ್ನು ಬಿಡಿಸಿ ಹೇಳುತ್ತೇನೆ, ಇದೊಂದು ಗೊತ್ತಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತು. 1941ರಿಂದ 1945ರವರೆಗೆ ಈ ಜೀಪನ್ನು ಎರಡು ಕಂಪನಿ ತಯಾರಿಸಿದವು: ಟೊಲೆಡೊದ ವಿಲ್ಲೀಸ್ ಮತ್ತು ಫೋರ್ಡ್. ವಿಲ್ಲೀಸಿನದು ಎಂಬಿ, ಫೋರ್ಡಿನದು ಜಿಪಿಡಬ್ಲ್ಯೂ. ನೋಡಲು ಒಂದೇ, ಸಾಮಾನು ಅದಲುಬದಲು ಕೂಡುತ್ತದೆ. ಆದರೆ ನಂಬರ್ ಹಾಕುವ ಪದ್ಧತಿ ಬೇರೆ. ಫೋರ್ಡ್ ತನ್ನ ಗಾಡಿಯ ಎಂಜಿನ್ನಿಗೂ ಚಾಸಿಗೂ ಒಂದೇ ನಂಬರ್ ಹೊಡೆಯುತ್ತಿತ್ತು. ವಿಲ್ಲೀಸಿನಲ್ಲಿ ಎಂಜಿನ್ನಿಗೆ ಒಂದು ಸರಣಿ, ಚಾಸಿಗೆ ಇನ್ನೊಂದು ಸರಣಿ. ಕಾರ್ಖಾನೆಯಿಂದ ಹೊರಗೆ ಬಂದ ದಿನವೇ ವಿಲ್ಲೀಸಿನ ಎರಡು ನಂಬರ್ ಬೇರೆ ಬೇರೆ ಇರುತ್ತಿದ್ದವು. ಅಂದ ಮೇಲೆ ವಿಲ್ಲೀಸ್ ಎಂದು ಹೇಳಿಕೊಳ್ಳುವ ಗಾಡಿಯಲ್ಲಿ ಎರಡೂ ಒಂದೇ ಇದ್ದರೆ, ಎಂಜಿನ್ ನೋಡಿಕೊಂಡು ಯಾರೋ ಆಮೇಲೆ ಪಟ್ಟಿ ಹೊಡೆಸಿದ್ದಾರೆ ಎಂದು ಮೊದಲು ಸಂಶಯಪಡಬೇಕು. ಹೊಸ ಕಾರು, ಬೈಕಿನ ವ್ಯವಹಾರದ ರೂಢಿಯಲ್ಲಿ ‘ನಂಬರ್ ತಾಳೆಯಾದರೆ ಸಾಕು’ ಎಂದು ನನ್ನ ತಲೆಯಲ್ಲಿ ಕೂತಿತ್ತು. ತಾಳೆಯಾಗಲೇಬಾರದ ಎರಡು ನಂಬರ್ ತಾಳೆಯಾದವು ಎಂದು ನಾನು ಖುಷಿಪಟ್ಟೆ.

ಗೊತ್ತಾದದ್ದು ರೇಡಿಯೇಟರ್ ಸೋರಿದಾಗ. ಖಾನಾಪುರ ಕಡೆಯ ಹಿರಿಯ ಮೇಸ್ತ್ರಿಯೊಬ್ಬರು ಗಾಡಿ ಕೆಳಗೆ ಮಲಗಿ, ‘ಪೈಪ್ ಎಲ್ಲೈತ್ರಿ ಇದಕ್ಕ?’ ಎಂದು ಕೇಳಿದರು. ವಿಲ್ಲೀಸ್ ಎಂಬಿಯಲ್ಲಿ ಎರಡು ಚಾಸಿ ರೇಲುಗಳ ನಡುವೆ, ರೇಡಿಯೇಟರ್ ಕೆಳಗೆ, ದುಂಡನೆಯ ಪೈಪಿನ ಅಡ್ಡಪಟ್ಟಿ ಇರುತ್ತದೆ. ಫೋರ್ಡಿನಲ್ಲಿ ಅದೇ ಜಾಗದಲ್ಲಿ ಬೋರಲು ಹಾಕಿದ ಚೌಕ ಪಟ್ಟಿ. ನನ್ನದರಲ್ಲಿ ದುಂಡು ಪೈಪ್ ಇರಲಿಲ್ಲ. ಹಂಗಾದರೆ ಫೋರ್ಡ್ ಇರಬಹುದು ಎಂದೆ. ಫೋರ್ಡ್ ಆಗಿದ್ದರೆ ಎಡ ರೇಲಿನ ಮೇಲ್ಮೈಯಲ್ಲೇ ನಂಬರ್ ಕೊರೆದಿರಬೇಕು, ಬೋಲ್ಟು, ಬ್ರಾಕೆಟ್ಟುಗಳ ಮೇಲೆ ‘ಎಫ್’ ಅಕ್ಷರ ಇರಬೇಕು. ವೈರ್ ಬ್ರಷ್ ಹಾಕಿ ಬಣ್ಣ ತೆಗೆದೆವು. ಅಕ್ಷರ ಎಲ್ಲೂ ಇಲ್ಲ. ರೇಲಿನ ಮೇಲೆ ಒಂದು ಕಡೆ ಗ್ರೈಂಡರ್ ಆಡಿಸಿದ ಗುರುತು ಮಾತ್ರ ಕಂಡಿತು.

ಅದು ಮಹೀಂದ್ರ ಇಲ್ಲೇ ತಯಾರಿಸುತ್ತಿದ್ದ ಸಿಜೆ-3ಬಿ ಎಂಬ ಜೀಪಿನ ಚಾಸಿ. ಸಿಜೆ-3ಬಿಯನ್ನೇ ಯಾಕೆ ಆರಿಸುತ್ತಾರೆ ಎಂದರೆ, ಎಂಬಿಯದೂ ಅದರದೂ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ, 80 ಇಂಚು. ಹೊಸದಾಗಿ ಬಡಿದ ಎಂಬಿ ಬಾಡಿ ಹೆಚ್ಚು ತ್ರಾಸಿಲ್ಲದೆ ಕೂಡುತ್ತದೆ. ಬಾಡಿ ನಮ್ಮ ದೇಶದಲ್ಲೂ ಬಡಿಯುತ್ತಾರೆ, ಫಿಲಿಪ್ಪೀನ್ಸ್‌ನಲ್ಲೂ ತಯಾರಾಗುತ್ತದೆ. ಗ್ರಿಲ್, ಹೆಡ್‌ಲೈಟಿನ ಹಿಂಜು, ಗ್ಲೋವ್ ಬಾಕ್ಸಿನ ಪಟ್ಟಿ, ಎಲ್ಲಾ ಹೊಸದು ಸಿಗುತ್ತದೆ. ನೀವು ಫೋಟೋದಲ್ಲಿ ನೋಡುತ್ತಿರುವುದೂ ಇವನ್ನೇ. ಬಾಡಿ ಅಂಗಿ ಇದ್ದ ಹಾಗೆ, ಯಾರ ಮೈಗೆ ಬೇಕಾದರೂ ಹೊಲಿಸಬಹುದು. ಹಾಗಾಗಿ ಫೋಟೋದಲ್ಲಿ ಗುರುತಿಸುವುದು ಹೇಗೆ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಕಾಗದ ಸರಿ ಇದೆ ಎಂಬ ಮಾತೂ ಅಷ್ಟೇ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನ ಪ್ರಕಾರ ಸುಳ್ಳು ಮಾಹಿತಿ ಕೊಟ್ಟು ನೋಂದಣಿ ಮಾಡಿಸಿದ್ದು, ಇಲ್ಲವೇ ಗಾಡಿಯ ಮೇಲಿರುವ ಎಂಜಿನ್ ಅಥವಾ ಚಾಸಿ ನಂಬರ್ ಆರ್‌ಸಿಗಿಂತ ಬೇರೆ ಎಂದು ಗೊತ್ತಾದರೆ ನೋಂದಣಿ ರದ್ದು. ನನ್ನದು ಹಾಗೇ ರದ್ದಾಯಿತು, ನಾನೇ ಹೋಗಿ ಬರೆದುಕೊಟ್ಟೆ. ‘ಸುಮ್ಮನೆ ಮುಂದೆ ದಾಟಿಸಿಬಿಡು’ ಎಂದವರು ಭಾಳ ಮಂದಿ. ಚಾಸಿ ನಂಬರ್ ಅಳಿಸಿದ ಗಾಡಿ ಕಳವಿನದೂ ಇರಬಹುದು. ಅದನ್ನು ಇನ್ನೊಬ್ಬರ ಮನೆಗೆ ಕಳಿಸುವುದು ನನ್ನಿಂದ ಆಗಲಿಲ್ಲ. ವಕೀಲರ ನೋಟಿಸ್ ಕೊಟ್ಟ ಮೇಲೆ ಮಾರಿದವರಿಂದ ಸ್ವಲ್ಪ ಹಣ ವಾಪಸ್ ಬಂತು. ಎಂಜಿನ್ ಮಾತ್ರ ಖರೇ ಎಂಬಿ ಚಾಸಿ ಇದ್ದ ಒಬ್ಬರಿಗೆ ಮಾರಿದೆ, ಅದು ಎಲ್ಲಿಂದ ಬಂತು, ನೋಂದಣಿ ಯಾಕೆ ರದ್ದಾಯಿತು ಎಂದು ಬರೆದು ಸಹಿ ಹಾಕಿಕೊಟ್ಟು. ಉಳಿದದ್ದು ನಷ್ಟ.

ಇನ್ನು ವಿಂಟೇಜ್ ನಂಬರ್. 2021ರಲ್ಲಿ ಬಂದ ನಿಯಮದಲ್ಲಿ ‘ವಿಎ’ ಸರಣಿ ಸಿಗುವುದು ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ. ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ರೆಪ್ಲಿಕಾಕ್ಕೆ ಆ ನಂಬರ್ ಮಾಡಿಸಿ ಬೆಲೆ ಏರಿಸುವ ಯೋಚನೆ ಇದ್ದರೆ ಈಗಲೇ ಬಿಡಿ. ಮುಂದೆ ಕೊಳ್ಳುವವರಿಗೆ ನೀವು ಮಾಡುವ ಮೋಸ ಅದು.

ರೆಪ್ಲಿಕಾ ಎಂದು ಹೇಳಿ, ಕಾನೂನಿನ ಒಪ್ಪಿಗೆ ಪಡೆದು, ರೆಪ್ಲಿಕಾದ ಬೆಲೆಗೆ ಮಾರಿದರೆ ಅದರಲ್ಲಿ ಯಾವ ತಪ್ಪೂ ಇಲ್ಲ. ಆದರೆ ನನ್ನ ಸಿಟ್ಟು ಬೇರೆ ಇದೆ. ಆ ಸಿಜೆ-3ಬಿ ನಮ್ಮದೇ ಚರಿತ್ರೆ. ಎಂಜಿನ್ನಿನ ಎತ್ತರಕ್ಕೆ ತಕ್ಕಂತೆ ಬಾನೆಟ್ ಎತ್ತರಿಸಿ ವಿಲ್ಲೀಸ್ 1953ರಲ್ಲಿ ತಂದ ಮಾದರಿ ಅದು. ಅಮೆರಿಕದಲ್ಲಿ ನಿಂತ ಮೇಲೂ ಮಹೀಂದ್ರ ಎಷ್ಟೋ ವರ್ಷ ತಯಾರಿಸಿತು. ಕಬ್ಬಿನ ಗದ್ದೆಯಿಂದ ಸರ್ಕಾರಿ ಕಚೇರಿವರೆಗೆ ಈ ಭಾಗದಲ್ಲಿ ಓಡಿದ್ದು ಅದೇ ಜೀಪು. ಅದನ್ನು ಕತ್ತರಿಸಿ, ಯುದ್ಧ ನೋಡದ ಗಾಡಿಗೆ ಯುದ್ಧದ ವೇಷ ಹಾಕುತ್ತಾರೆ. ನನ್ನನ್ನು ಕೇಳಿದರೆ 8 ಲಕ್ಷದ ಸಂಶಯದ ವಿಲ್ಲೀಸಿಗಿಂತ ಎತ್ತರದ ಬಾನೆಟ್ಟಿನ, ಯಾರೂ ಕೈ ಹಚ್ಚದ ಸಿಜೆ-3ಬಿ ಹುಡುಕಿರಿ.

ಆದರೂ ಜಮಖಂಡಿಗೆ ಹೋಗುವುದಿದ್ದರೆ ಆರ್‌ಸಿ ಆಮೇಲೆ ಬಿಚ್ಚಿರಿ. ಮೊದಲು ಟಾರ್ಚ್ ಹಿಡಿದು ಗಾಡಿ ಕೆಳಗೆ ಮಲಗಿ, ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡಗಿದೆಯೋ ಚಪ್ಪಟೆಯೋ ನೋಡ್ರಿ. ಎಡ ರೇಲಿನ ಪಟ್ಟಿಯ ರಿವೆಟ್ ಪಟ್ಟಿಯಷ್ಟೇ ಹಳೆಯದೋ ನೋಡ್ರಿ. ರೇಲಿನ ಮೇಲೆ ವೈರ್ ಬ್ರಷ್ ಹಾಕಲು ಮಾಲೀಕರು ಒಪ್ಪದಿದ್ದರೆ ಮಾತು ಮುಂದುವರಿಸದೆ ವಾಪಸ್ ಬನ್ನಿ, ಟೋಕನ್ ಅಂತೂ ಕೊಡಲೇಬೇಡಿ. ಒಪ್ಪಿದರೆ ಆ ಅಡ್ಡಪಟ್ಟಿ, ರಿವೆಟ್, ಎಂಜಿನ್ ಪ್ಯಾಡ್ ಈ ಮೂರರ ಹತ್ತಿರದ ಫೋಟೋ ತೆಗೆದು ಇಲ್ಲೇ ಹಾಕಿರಿ, ನೋಡಿ ಹೇಳುತ್ತೇನೆ.