ಕೇಳಿದ್ದಕ್ಕೆ ಹೇಳಿದ್ದು: ಅವಳಿಗಳೂ ಅಂಜನವೂ

ಪ್ರಶ್ನೆ: ಅಕ್ಕಾ, ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ಅಮೆರಿಕದ ಒಂದು ಪತ್ತೇದಾರಿ ಧಾರಾವಾಹಿ ನೋಡುತ್ತೇನೆ. ಕಳೆದ ವಾರದ ಕಂತಿನಲ್ಲಿ ದಿವ್ಯದೃಷ್ಟಿ ಇದೆ ಎನ್ನುವ ಹೆಂಗಸೊಬ್ಬಳು ಪೊಲೀಸರಿಗೆ, ‘ಕೊಂದವನು ನಿಮ್ಮ ಕಣ್ಣ ಮುಂದೆಯೇ ಇದ್ದಾನೆ, ನಿಮಗೆ ಕಾಣುತ್ತಿಲ್ಲ’ ಎನ್ನುತ್ತಾಳೆ. ಕೊನೆಗೆ ನೋಡಿದರೆ ಕೊಂದವನಿಗೆ ಒಬ್ಬ ತದ್ರೂಪಿ ಅವಳಿ ಅಣ್ಣನಿದ್ದ. ಅಣ್ಣ ಮದುವೆ ಮನೆಯಲ್ಲಿ ಎಲ್ಲರಿಗೂ ಮುಖ ತೋರಿಸುತ್ತ ಓಡಾಡುತ್ತಿದ್ದಾಗ ತಮ್ಮ ಕೊಲೆ ಮಾಡಿ ಬಂದಿದ್ದ. ಡಿಎನ್‌ಎ ಇಬ್ಬರಿಗೂ ಹೊಂದುತ್ತದೆ! ನಿಜವಾಗಿ ಹೀಗೆ ತಪ್ಪಿಸಿಕೊಳ್ಳಬಹುದೇ? ಪೊಲೀಸರು ಇಂಥ ಹೆಂಗಸರ ಮಾತು ಕೇಳುತ್ತಾರೆಯೇ?
– ಕೋಡಿಬಾಗದ ಓದುಗ, ಕಾರವಾರ

ಉತ್ತರ: ತಮ್ಮಾ, ನಾನು ಕೋರ್ಟಿನಲ್ಲಿ ಇದ್ದದ್ದು ಶಿರಸ್ತೇದಾರಳಾಗಿ. ಕಡತಕ್ಕೆ ದಾರ ಕಟ್ಟಿದ ಕೈಯೇ ಹೊರತು ತೀರ್ಪು ಬರೆದ ಕೈಯಲ್ಲ. ಅಷ್ಟು ತಿಳಿದುಕೊಂಡು ಓದು.

ಮೊದಲು ಅವಳಿಗಳ ವಿಚಾರ. ಇದು ಧಾರಾವಾಹಿಯವರು ಹುಡುಕಿದ ಹೊಸ ತಂತ್ರವೇನಲ್ಲ. ವಾಲಿ ಸುಗ್ರೀವರ ಮೊದಲ ಕಾಳಗದಲ್ಲಿ ಯಾರು ಯಾರೆಂದು ತಿಳಿಯದೆ ರಾಮನೇ ಬಾಣ ಹಿಡಿದು ಸುಮ್ಮನೆ ನಿಂತಿದ್ದ. ಪೆಟ್ಟು ತಿಂದು ಬಂದ ಸುಗ್ರೀವನ ಕೊರಳಿಗೆ ಗಜಪುಷ್ಪಿಯ ಬಳ್ಳಿ ಹಾಕಿಸಿದ ಮೇಲೆಯೇ ಗುರಿ ಸಿಕ್ಕಿದ್ದು. ತಾಳಮದ್ದಳೆಯಲ್ಲಿ ವಾಲಿ ಗಂಟೆಗಟ್ಟಲೆ ಜಗಳವಾಡುವುದನ್ನು ಕೇಳಿದ್ದೇನೆ; ಆ ಮಾಲೆಯ ಬಗ್ಗೆ ಇನ್ನೂ ಸ್ವಲ್ಪ ಮಾತನಾಡಬಾರದೇ ಅನ್ನಿಸುತ್ತದೆ.

ಈಗಿನ ಕಾಲಕ್ಕೆ ಬಂದರೆ, ಪೊಲೀಸರು ಸಾಮಾನ್ಯವಾಗಿ ಮಾಡಿಸುವ ಡಿಎನ್‌ಎ ಪರೀಕ್ಷೆ ತದ್ರೂಪಿ ಅವಳಿಗಳನ್ನು ಬೇರೆ ಮಾಡುವುದಿಲ್ಲ. 2009ರಲ್ಲಿ ಬರ್ಲಿನ್ನಿನ ದೊಡ್ಡ ಮಳಿಗೆಯೊಂದರಲ್ಲಿ ಒಡವೆ ಕಳವಾದಾಗ ಕಳ್ಳರು ಒಂದು ಕೈಗವಸು ಬಿಟ್ಟುಹೋಗಿದ್ದರು. ಅದರಲ್ಲಿದ್ದ ಬೆವರಿನ ಡಿಎನ್‌ಎ ಇಬ್ಬರು ಅವಳಿ ಅಣ್ಣತಮ್ಮಂದಿರಿಗೆ ಹೊಂದಿತು. ಇಬ್ಬರಲ್ಲಿ ಯಾರದೆಂದು ಹೇಳಲಾಗದೆ ಇಬ್ಬರನ್ನೂ ಬಿಟ್ಟರು. ಆದ್ದರಿಂದ ನಿನ್ನ ಕಂತು ಪೂರ್ತಿ ಸುಳ್ಳಲ್ಲ.

ಆದರೆ ಆ ತಮ್ಮ ಒಂದು ಲೋಟ ಮುಟ್ಟಿದ್ದರೂ ಸಾಕಿತ್ತು. ಬೆರಳಿನ ಗೆರೆಗಳು ಮೂಡುವುದು ತಾಯಿಯ ಹೊಟ್ಟೆಯಲ್ಲಿ. ಅಲ್ಲಿ ಇಬ್ಬರೂ ಮಲಗಿದ ಬಗೆ, ಒತ್ತಡ, ಬೆಳೆದ ವೇಗ ಒಂದೇ ಇರುವುದಿಲ್ಲ; ಹಾಗಾಗಿ ತದ್ರೂಪಿಗಳ ಬೆರಳಚ್ಚೂ ಬೇರೆ ಬೇರೆ. ಹೊಸ ವಿದ್ಯೆ ಸೋತ ಜಾಗದಲ್ಲಿ ಹಳೆಯ ಶಾಯಿಯ ವಿದ್ಯೆ ಗೆಲ್ಲುತ್ತದೆ ಎಂದರೆ ನನ್ನಂಥವರಿಗೆ ಸಣ್ಣ ಖುಷಿ. ಆ ವಿದ್ಯೆಯ ಕಚೇರಿ ಜಗತ್ತಿನಲ್ಲೇ ಮೊದಲು ತೆರೆದದ್ದು 1897ರಲ್ಲಿ, ನಮ್ಮ ಕೋಲ್ಕತ್ತದಲ್ಲಿ. ಬೆರಳಚ್ಚುಗಳನ್ನು ವಿಂಗಡಿಸುವ ಲೆಕ್ಕಕ್ಕೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಪದ್ಧತಿಗೆ ಹೆಸರು ಬಂದದ್ದು ಅವರ ಸಾಹೇಬ ಹೆನ್ರಿಯದು. ಕಚೇರಿಯಲ್ಲಿ ಕೆಲಸ ಮಾಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣುವುದಿಲ್ಲ.

ಇನ್ನು ದಿವ್ಯದೃಷ್ಟಿ. ಇದರಲ್ಲಿ ನನಗೆ ಸ್ವಂತ ಅನುಭವವಿದೆ, ಏಕೆಂದರೆ ಒಮ್ಮೆ ಆ ದೃಷ್ಟಿ ನನ್ನದೇ ಆಗಿತ್ತು.

ನನಗೆ ಆಗ ಎಂಟು ವರ್ಷ. ಶಿರಸಿ ಹತ್ತಿರದ ಹಳ್ಳಿಯಲ್ಲಿ ದೊಡ್ಡಮ್ಮನ ಎರಡೆಳೆ ಸರ ಕಳೆಯಿತು. ಅಂಜನ ಹಾಕುವವರನ್ನು ಕರೆಸಿದರು. ವೀಳ್ಯದೆಲೆಗೆ ಕಪ್ಪು ಸವರಿ, ಪಕ್ಕದಲ್ಲಿ ದೀಪವಿಟ್ಟು, ‘ಮಗು ನೋಡಲಿ’ ಎಂದರು. ನೋಡಿದೆ. ಎಲೆಯಲ್ಲಿ ದೀಪದ ಕುಡಿ ಕಾಣುತ್ತಿತ್ತು, ಅಷ್ಟೇ. ‘ಯಾರೋ ಬಗ್ಗಿಕೊಂಡು ಬರುತ್ತಿದ್ದಾರಲ್ಲ?’ ಎಂದು ಕೇಳಿದರು. ಮನೆಯವರೆಲ್ಲ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಹೌದು ಎಂದೆ. ‘ತಲೆಯ ಮೇಲೆ ಹಾಳೆಟೊಪ್ಪಿ?’ ಹೌದು. ‘ಸರ ನೀರಿನ ಹತ್ತಿರ, ಹಸಿರಿನ ನಡುವೆ ಇದೆಯಲ್ಲ?’ ಅದಕ್ಕೂ ಹೌದು. ಮಲೆನಾಡಿನಲ್ಲಿ ನೀರೂ ಹಸಿರೂ ಇಲ್ಲದ ಜಾಗ ಯಾವುದು ಎಂದು ಕೇಳುವ ಬುದ್ಧಿ ದೊಡ್ಡವರಿಗೇ ಬರಲಿಲ್ಲ, ನನಗೆಲ್ಲಿಂದ ಬರಬೇಕು?

ಹಾಳೆಟೊಪ್ಪಿ ಎಂದರೆ ತೋಟದಲ್ಲಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡನೇ ಎಂದಾಯಿತು. ಯಾರೂ ಅವನನ್ನು ಕಳ್ಳ ಎನ್ನಲಿಲ್ಲ. ಅವನಿಗೆ ಚಹಾ ಕೊಡುವಾಗ ಮಾತು ಕಡಿಮೆಯಾಯಿತು, ಅಷ್ಟಕ್ಕೇ ಅವನಿಗೆ ಗೊತ್ತಾಯಿತು. ಬೇಸಿಗೆಯಲ್ಲಿ ತೋಟಕ್ಕೆ ಗೊಬ್ಬರ ಹೊರುವಾಗ ಗೊಬ್ಬರಗುಂಡಿಯಲ್ಲಿ ಸರ ಸಿಕ್ಕಿತು. ಕೊಟ್ಟಿಗೆಗೆ ಸೊಪ್ಪು ಹಾಸುವಾಗ ದೊಡ್ಡಮ್ಮನ ಕೊರಳಿಂದಲೇ ಜಾರಿತ್ತು. ‘ನೋಡಿ, ನೀರು, ಸೊಪ್ಪು, ಅಂಜನ ಹೇಳಿದ್ದು ಸರಿಯಾಯಿತಲ್ಲ’ ಎಂದು ದೊಡ್ಡಮ್ಮ ಸಾಯುವವರೆಗೂ ಹೇಳುತ್ತಿದ್ದರು. ಮರುವರ್ಷ ಕೊನೆ ಕೊಯ್ಯಲು ಬೇರೆಯವರು ಬಂದರು.

ಆದ್ದರಿಂದ ‘ನಿಮ್ಮ ಕಣ್ಣ ಮುಂದೆಯೇ ಇದ್ದಾನೆ’ ಎಂಬ ನಿನ್ನ ಹೆಂಗಸಿನ ಮಾತು ನನಗೆ ಬಹಳ ಪರಿಚಿತ. ಅವಳಿ ಸಿಕ್ಕರೂ ಅದು ಸರಿ, ಅಡುಗೆಯವನು ಸಿಕ್ಕರೂ ಸರಿ.

ಪೊಲೀಸರು ಕೇಳುತ್ತಾರೆಯೇ ಎಂದೆಯಲ್ಲ. ಯಾರು ಏನು ಹೇಳಿದರೂ ಕಿವಿಗೆ ಹಾಕಿಕೊಳ್ಳುವುದು ಅವರ ಕೆಲಸ. ಕಡತಕ್ಕೆ ಬರುವಾಗ ಅದು ‘ಖಚಿತ ಮಾಹಿತಿಯ ಮೇರೆಗೆ’ ಆಗಿರುತ್ತದೆ. ಕೋರ್ಟಿಗೆ ಬೇಕಾದದ್ದು ಸಿಕ್ಕ ವಸ್ತು ಮತ್ತು ಅದರ ಪಂಚನಾಮೆ. (ಹಳೆ ಮೈಸೂರಿನ ಕಡೆಯವರು ಮಹಜರು ಎನ್ನುತ್ತಾರೆ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಲ್ಲಿ ಮುಂಬೈ ಪ್ರಾಂತಕ್ಕೆ ಸೇರಿತ್ತಲ್ಲ, ಆ ನಂಟಿನ ಮಾತು ನಮ್ಮ ಬಾಯಲ್ಲಿ ಇನ್ನೂ ಇದೆ.) ಬೆರಳಚ್ಚಿನ ತಜ್ಞರ ಅಭಿಪ್ರಾಯಕ್ಕೆ ಹಳೆಯ ಸಾಕ್ಷ್ಯ ಕಾಯ್ದೆಯಲ್ಲೂ ಜಾಗವಿತ್ತು, 2024ರ ಜುಲೈ 1ರಿಂದ ಬಂದ ಹೊಸದರಲ್ಲೂ ಇದೆ. ವೀಳ್ಯದೆಲೆಯನ್ನು ಯಾರೂ ಸೇರಿಸಿಲ್ಲ.

ಪ್ರಶ್ನೆ: ನನಗೆ ನಾಲ್ಕು ವರ್ಷದ ಅವಳಿ ಗಂಡುಮಕ್ಕಳು. ನಾನೇ ಒಮ್ಮೊಮ್ಮೆ ಒಬ್ಬನಿಗೆ ಎರಡು ಸಲ ಔಷಧಿ ಕುಡಿಸಿಬಿಡುತ್ತೇನೆ. ಮುಂದೆ ಆಧಾರ್‌ನಲ್ಲಿ ಅದಲುಬದಲಾದರೆ?
– ಓದುಗ ತಾಯಿ, ಶಿರಸಿ

ಉತ್ತರ: ಮೊದಲು ಔಷಧಿಯ ಬಾಟಲಿಗಳ ಮೇಲೆ ಹೆಸರು ಬರೆದಿಡು ತಂಗೀ, ಕುಡಿಸಿದ ಕೂಡಲೇ ಗುರುತು ಹಾಕು. ಐದರೊಳಗಿನ ಮಕ್ಕಳ ಆಧಾರ್‌ಗೆ ಬೆರಳಚ್ಚು ತೆಗೆದುಕೊಳ್ಳುವುದಿಲ್ಲ. ಐದು ತುಂಬಿದ ಮೇಲೆ ಒಮ್ಮೆ, ಹದಿನೈದಕ್ಕೆ ಇನ್ನೊಮ್ಮೆ ಬೆರಳು, ಕಣ್ಣಿನ ಪಾಪೆ ಎರಡನ್ನೂ ಕೊಡಿಸಬೇಕು. ಅವಳಿಗಳ ಕಣ್ಣಿನ ಪಾಪೆಯ ವಿನ್ಯಾಸವೂ ಬೇರೆಯೇ, ಯಂತ್ರಕ್ಕೆ ಗೊಂದಲವಿಲ್ಲ. ಗೊಂದಲವಾಗುವುದು ಯಾರ ಅರ್ಜಿಗೆ ಯಾರು ಕುರ್ಚಿಯ ಮೇಲೆ ಕೂತರು ಎಂಬಲ್ಲಿ. ಆ ದಿನ ಒಬ್ಬನಿಗೆ ಕೆಂಪು ಅಂಗಿ, ಇನ್ನೊಬ್ಬನಿಗೆ ಹಳದಿ ಅಂಗಿ ಹಾಕಿ ಕರೆದುಕೊಂಡು ಹೋಗು. ಸರತಿಯಲ್ಲಿ ನಿಂತಾಗ ಅಂಗಿ ಬದಲಾಯಿಸಿಕೊಳ್ಳುವ ಜಾತಿಯ ಮಕ್ಕಳಾದರೆ ಮಾತ್ರ ಗಜಪುಷ್ಪಿಯನ್ನೇ ಹುಡುಕಬೇಕು.