ಕೊಜುಮೆಲ್ ಧಕ್ಕೆಯಲ್ಲಿ ನಿಂತ ಭಾರಿ ಕ್ರೂಸ್ ಹಡಗುಗಳ ಫೋಟೊವನ್ನು ದಡದಿಂದ ಚೆನ್ನಾಗಿ ತೆಗೆಯುವುದು ಹೇಗೆ?

ಮೆಕ್ಸಿಕೊದ ಕೊಜುಮೆಲ್ ದ್ವೀಪದಲ್ಲಿ ಕ್ರೂಸ್ ಹಡಗುಗಳ ಧಕ್ಕೆಗಳು ಪಶ್ಚಿಮ ದಡದಲ್ಲಿರುವುದರಿಂದ ಬೆಳಗಿನ ಬಿಸಿಲು ನಿಮ್ಮ ಬೆನ್ನ ಹಿಂದಿನಿಂದ ಬಂದು ಹಡಗಿನ ಮೇಲೆ ಬೀಳುತ್ತದೆ. ಸಂಜೆ ಅದೇ ಹಡಗು ಬರೀ ಕಪ್ಪು ಆಕೃತಿಯಾಗಿ ಕಾಣುತ್ತದೆ. ಸುಮಾರು 360 ಮೀಟರ್ ಉದ್ದದ ಓಯಸಿಸ್ ವರ್ಗದ (ರಾಯಲ್ ಕೆರಿಬಿಯನ್ ಕಂಪನಿಯ ದೈತ್ಯ ಹಡಗುಗಳ ಸಾಲು) ಹಡಗನ್ನು ಬುಡದಲ್ಲೇ ನಿಂತು ವೈಡ್ ಲೆನ್ಸಿನಲ್ಲಿ ಹಿಡಿಯಲು ಹೋದರೆ ಅದು ಹಿಂದಕ್ಕೆ ವಾಲಿದಂತೆ ಮೂಡುತ್ತದಾದ್ದರಿಂದ, ದಡದುದ್ದಕ್ಕೂ ಒಂದು ಕಿಲೋಮೀಟರಿನಷ್ಟು ನಡೆದು 70 ಮಿ.ಮೀ. ಆಸುಪಾಸಿನ ಲೆನ್ಸ್ ಬಳಸುವುದು ಮೇಲು. ಚೌಕಟ್ಟಿನಲ್ಲಿ ತೆಂಗಿನ ಗರಿಗಳ ನೆರಳು ಹೆಚ್ಚಾದರೆ ಕ್ಯಾಮೆರಾ ತಾನಾಗಿ ಬೆಳಕನ್ನು ಏರಿಸಿ, ಬಿಳಿ ಹಡಗಿನ ಬಾಲ್ಕನಿ ಸಾಲುಗಳನ್ನೇ ಅಳಿಸಿಬಿಡುತ್ತದೆ; ಎಕ್ಸ್‌ಪೋಷರನ್ನು ಅರ್ಧದಿಂದ ಒಂದು ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧಕ್ಕಿಳಿಯುತ್ತದೆ). ಲೆನ್ಸಿನ ಮುಂದೆ ಹಾಕುವ ಪೋಲರೈಸರ್ ಫಿಲ್ಟರ್ ಇದ್ದರೆ ನೀರಿನ ಹೊಳಪು ತಗ್ಗಿ ತಿಳಿಹಸಿರು ಬಣ್ಣ ಮೇಲೇಳುತ್ತದೆ. ಪಕ್ಕದಲ್ಲಿ ಸಣ್ಣ ದೋಣಿಯೊಂದು ಹಾಯುವ ತನಕ ಕಾಯಿರಿ (ನಾನಂತೂ ಕಾಯುತ್ತೇನೆ), ಹಡಗಿನ ನಿಜವಾದ ಗಾತ್ರ ಕಣ್ಣಿಗೆ ಹೊಳೆಯುವುದು ಆಗಲೇ.